ಹೊಗೆ ಮುಟ್ಟದ ಮರಿಗಳು

"ಹಾಗೆ ಹಿಡೀಬೇಡಿ ಮೇಡಂ. ಎದೆ ಅದುಮಿದ್ರೆ ಉಸಿರು ನಿಂತುಹೋಗುತ್ತೆ."

ಬಾಗಿಲಲ್ಲಿ ನಿಂತಿದ್ದ ಕೋಳಿ ಜಡ್ಜು ಒಳಗೆ ಕಾಲಿಡದೆ ಹೇಳಿದ. ಮೇಷ್ಟ್ರ ಹೆಂಡತಿಯ ತಮ್ಮ ಅವನು. ಕೋರ್ಟಿನ ಮೆಟ್ಟಿಲು ಯಾವತ್ತೂ ಹತ್ತಿದವನಲ್ಲ. ಕೋಳಿ ಪ್ರದರ್ಶನಗಳಲ್ಲಿ ತೀರ್ಪು ಕೊಡುತ್ತಾನೆಂದು ಊರಿನವರು ಇಟ್ಟ ಹೆಸರು, ಅವನ ನಿಜವಾದ ಹೆಸರನ್ನು ನುಂಗಿಹಾಕಿತ್ತು.

ಇನ್‌ಸ್ಪೆಕ್ಟರ್ ಬೆರಳು ಸಡಿಲಿಸಿದಳು. ಅಂಗೈಯಲ್ಲಿದ್ದ ಮರಿ ಕತ್ತು ಚಾಚಿ ಒಮ್ಮೆ ಕೂಗಿತು, ಆಮೇಲೆ ಅವಳ ಖಾಕಿ ತೋಳಿನ ಮೇಲೆ ಹಿಕ್ಕೆ ಹಾಕಿತು.

"ಈ ಕೇಸಿನಲ್ಲಿ ಇಲ್ಲಿವರೆಗೆ ಕೈಗೆ ಸಿಕ್ಕಿದ್ದು ಇದೊಂದೇ," ಎಂದು ದಫೇದಾರ ಕರವಸ್ತ್ರ ಮುಂದೆ ಹಿಡಿದ.

ಅವಳು ನಗಲಿಲ್ಲ. ನಗುವಷ್ಟು ನಿದ್ದೆ ಆಗಿರಲಿಲ್ಲ. ಗರಿಯ ಧೂಳಿಗೆ ಮೂಗು ಕಟ್ಟಿ, ಹಣೆ ಭಾರವಾಗಿ, ಬಗ್ಗಿ ಎದ್ದರೆ ಸೊಂಟ ಹಿಡಿಯುತ್ತಿತ್ತು.

ಕಳೆದ ಭಾನುವಾರ ಬೆಳಿಗ್ಗೆ ಇದೇ ಮರಿಕೋಣೆಯಲ್ಲಿ, ಇದ್ದಿಲ ಅಗ್ಗಿಷ್ಟಿಕೆಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಡ್ರಾಯಿಂಗ್ ಮೇಷ್ಟ್ರು ಸತ್ತು ಕೂತಿದ್ದರು. ಕೆಂಡದ ಹೊಗೆ ಎಂದು ಆಸ್ಪತ್ರೆ ಹೇಳಿತ್ತು, ಆಕಸ್ಮಿಕ ಎಂದು ಸ್ಟೇಷನ್ ಹೇಳಿತ್ತು. ಮೇಲಿನ ಸಾಹೇಬರು ಬೆಳಿಗ್ಗೆಯೂ ಫೋನ್ ಮಾಡಿ, "ಅದನ್ನ ಇನ್ನೂ ಎಳೀತಿದ್ದೀರಾ?" ಎಂದು ಕೇಳಿದ್ದರು.

ಅವಳಿಗೂ ಎಳೆಯುವ ಆಸೆ ಇರಲಿಲ್ಲ. ಆದರೆ ಮರಿಗಳು ಬದುಕಿದ್ದವು.

ಚಳಿಗೆಂದು ಕಿಟಕಿಯ ಸಂದಿಗೆ ಮೇಷ್ಟ್ರೇ ಗೋಣಿ ತುರುಕಿದ್ದರು. ಬಾಗಿಲು ಮುಚ್ಚಿತ್ತು. ಅಂಥ ಕೋಣೆಯಲ್ಲಿ ಆರಡಿ ಎತ್ತರದ ಮನುಷ್ಯ ಉಸಿರು ಕಟ್ಟಿ ಸತ್ತಿದ್ದಾರೆ. ಅವರ ಮೊಣಕಾಲಿನ ಪಕ್ಕದ ಮರದ ಪೆಟ್ಟಿಗೆಯಲ್ಲಿ, ಮೊಟ್ಟೆಯೊಡೆದು ವಾರವೂ ಕಳೆಯದ ಮರಿಗಳು ಏನೂ ಆಗಿಲ್ಲವೆಂಬಂತೆ ನುಚ್ಚು ಕುಕ್ಕುತ್ತಿದ್ದವು.

ಸ್ವಲ್ಪ ಹೊತ್ತಿನ ಮುಂಚೆ ಅವಳು ಪಶುವೈದ್ಯರಿಗೆ ಫೋನ್ ಮಾಡಿದ್ದಳು. "ಹೊಗೆ ಕುಡಿದ್ರೆ ಮನುಷ್ಯನಿಗಿಂತ ಮೊದಲು ಹೋಗೋದು ಅವೇ," ಎಂದಿದ್ದರು ಅವರು. "ಬದುಕಿವೆ ಅಂದ್ರೆ ಅವು ಆ ಕೋಣೆಯಲ್ಲಿ ಇರಲಿಲ್ಲ ಅಂತ ಅರ್ಥ."

ಆ ಮಾತು ಮುಗಿಯುವಷ್ಟರಲ್ಲಿ ಜಡ್ಜು ಹೊರಗೆ ಹೋಗಿ ಹೇಂಟೆಗಳಿಗೆ ನೀರು ಹಾಕಿ ಬಂದಿದ್ದ. ಅವನ ಅಂಗಿಯ ಕೈ ಇನ್ನೂ ಒದ್ದೆಯಿತ್ತು.

"ಒಳಗೆ ಬನ್ನಿ," ಎಂದಳು. "ಈ ಪೆಟ್ಟಿಗೆಗೆ ನಾಲ್ಕು ಖಾನೆ ಯಾಕೆ?"

ಅವನು ಒಲ್ಲದ ಮನಸ್ಸಿನಿಂದ ಬಂದು ಮರಿಯೊಂದನ್ನು ಎತ್ತಿಕೊಂಡ. ಅವಳು ಹಿಡಿದ ಹಾಗಲ್ಲ. ಮರಿ ತಾನಾಗಿಯೇ ಬಂದು ಅವನ ಕೈಯಲ್ಲಿ ಕೂತಂತೆ ಕಂಡಿತು.

"ನಾಲ್ಕು ಗೂಡು, ನಾಲ್ಕು ಹುಂಜ. ಯಾವ ಮರಿ ಯಾವ ಹುಂಜದ್ದು ಅಂತ ತಿಳೀಬೇಕಲ್ಲ. ಹೊರಗೆ ಬಂದ ದಿನವೇ ಬೆರಳ ನಡುವಿನ ತೊಗಲಿಗೆ ಸಣ್ಣ ತೂತು ಹಾಕ್ತೀವಿ. ಎಡಗಾಲಿನ ಒಳಗಡೆ ಇದ್ರೆ ಒಂದು ಗೂಡು, ಹೊರಗಡೆ ಇದ್ರೆ ಇನ್ನೊಂದು. ಬಲಗಾಲೂ ಹಾಗೇ." ಮರಿಯ ಪಾದವನ್ನು ಬೆಳಕಿಗೆ ಹಿಡಿದ. ಗುಂಡುಸೂಜಿಯ ತಲೆಯಷ್ಟು ತೂತಿನೊಳಗಿಂದ ಬೆಳಕು ತೂರಿತು. "ದೊಡ್ಡವಾದ ಮೇಲೆ ಎಲ್ಲಾ ಒಂದೇ ಥರ ಕಾಣ್ತವೆ. ಬೂದುಪಟ್ಟೆ ತಳಿ ಅಂದ್ರೆ ಹಾಗೇ ಕಾಣಬೇಕು."

"ಹಾಗೆ ಕಾಣದಿದ್ರೆ?"

"ತೆಗೆದು ಹಾಕ್ತೀವಿ."

ಅದನ್ನು ಹೇಳುವಾಗ ಅವನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಗೋಡೆಯ ಮೇಲೆ ಮೇಷ್ಟ್ರು ಬಣ್ಣ ಹಾಕಿ ಬರೆದ ಹುಂಜವಿತ್ತು. ಐದೇ ಐದು ಮೊನೆಯ ಜುಟ್ಟು, ಬಿಳಿ ಕಿವಿಹಾಲೆ, ಬೆನ್ನಿನಿಂದ ಬಾಲದವರೆಗೆ ಒಂದೇ ಏಟಿಗೆ ಎಳೆದಂಥ ಗೆರೆ, ಗರಿಗರಿಗೂ ಸಮನಾದ ಬೂದು ಪಟ್ಟೆ. ಕೋಳಿ ಸಾಕುವವರ ಸಂಘ ಒಪ್ಪಿದ ಮಾನದಂಡ ಅದು. ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದ ಮನುಷ್ಯ, ನಶಿಸಿಹೋಗುತ್ತಿದ್ದ ತಳಿಯೊಂದನ್ನು ಆ ಚಿತ್ರದ ಪಡಿಯಚ್ಚು ಮಾಡಲು ಅರ್ಧ ಆಯುಷ್ಯ ಸವೆಸಿದ್ದರು. ಹುಂಜ ಬೆಳೆದ ಹಾಗೆಲ್ಲ ತಂದು ಈ ಗೋಡೆಯ ಮುಂದೆ ನಿಲ್ಲಿಸುವುದು, ನೋಡುವುದು, ನಿಟ್ಟುಸಿರು ಬಿಟ್ಟು ವಾಪಸ್ ಒಯ್ಯುವುದು. ಒಂದಕ್ಕೆ ಜುಟ್ಟಿನ ಮೊನೆ ಹೆಚ್ಚು, ಒಂದಕ್ಕೆ ಬಾಲದಲ್ಲಿ ಬಿಳಿ ಗರಿ.

ಬೆಳಿಗ್ಗೆ ಗೇಟು ತೆಗೆದ ಮೇಷ್ಟ್ರ ಮಗಳು ಅದನ್ನೇ ಬೇರೆ ರೀತಿ ಹೇಳಿದ್ದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ, ಮೂವತ್ತು ದಾಟಿದವಳು, ತೋಳಿಗೆ ಚೀಲ ಹಾಕಿಕೊಂಡು ಹೊರಟಿದ್ದಳು. ಅಪ್ಪನ ಕೋಳಿಗಳ ಬಗ್ಗೆ ಕೇಳಿದ್ದಕ್ಕೆ, "ನನಗೆ ಅದೆಲ್ಲ ಗೊತ್ತಿಲ್ಲ ಮೇಡಂ. ಅಪ್ಪನ ಸ್ಟ್ಯಾಂಡರ್ಡ್‌ಗೆ ನಾನೂ ಬರಲಿಲ್ಲ," ಎಂದು ಚಪ್ಪಲಿ ಮೆಟ್ಟಿ ಹೋಗಿಬಿಟ್ಟಿದ್ದಳು. ಶನಿವಾರ ತಡವಾಗಿ ಬಂದು ನೇರ ಮಹಡಿ ಹತ್ತಿ ಮಲಗಿದೆ, ಹಿತ್ತಲ ಕಡೆ ಹೋಗಲೇ ಇಲ್ಲ ಎಂದು ಮೊದಲೇ ಹೇಳಿಕೆ ಕೊಟ್ಟಿದ್ದಳು.

ಇನ್‌ಸ್ಪೆಕ್ಟರ್ ಒಂದೊಂದೇ ಮರಿಯ ಕಾಲು ನೋಡತೊಡಗಿದಳು. ಮೊದಲ ಖಾನೆಯಲ್ಲಿ ಎಲ್ಲವಕ್ಕೂ ಎಡಗಾಲಿನ ಒಳಗಡೆ ತೂತು. ಎರಡನೆಯದರಲ್ಲಿ ಎಲ್ಲವಕ್ಕೂ ಹೊರಗಡೆ. ಒಂದೂ ಅದಲುಬದಲಾಗಿರಲಿಲ್ಲ.

"ಭಾನುವಾರದಿಂದ ಇವನ್ನ ಯಾರಾದ್ರೂ ಮುಟ್ಟಿದ್ದಾರಾ?"

"ನೀರು, ಕಾಳು ಹಾಕೋಕೆ ನಾನೇ ಬರ್ತೀನಿ. ಖಾನೆ ಬದಲಾಯಿಸಿಲ್ಲ."

"ಅಂದ್ರೆ ಕೆಂಡ ಹಚ್ಚೋ ಮೊದಲು ಯಾರೋ ಇವನ್ನ ಹೊರಗೆ ಒಯ್ದಿದ್ದಾರೆ. ಆಮೇಲೆ ತಂದು ಕಾಲು ನೋಡಿ ನೋಡಿ ವಾಪಸ್ ಹಾಕಿದ್ದಾರೆ. ಮನುಷ್ಯನನ್ನ ಕೊಲ್ಲೋಕೆ ಮನಸ್ಸು ಬಂತು, ಮರಿ ಕೊಲ್ಲೋಕೆ ಬರಲಿಲ್ಲ." ಅವಳು ಗೋಡೆಗೆ ಒರಗಿದಳು. "ಈ ತೂತಿನ ಲೆಕ್ಕ ಯಾರ್ಯಾರಿಗೆ ಗೊತ್ತು?"

"ಭಾವನಿಗೆ. ನನಗೆ."

"ಮತ್ತೆ?"

ಜಡ್ಜು ಮರಿಯನ್ನು ಕೆಳಗೆ ಬಿಟ್ಟ. "ಅಕ್ಕನಿಗೆ. ಒಂದು ಕಾಲದಲ್ಲಿ ತೂತು ಹಾಕ್ತಿದ್ದಿದ್ದೇ ಅಕ್ಕ. ಈಗ ಎರಡು ವರ್ಷದಿಂದ ಅವಳು ಈ ಕೋಣೆ ಹೊಸ್ತಿಲು ತುಳಿದಿಲ್ಲ. ಈ ಧೂಳೇ ಅವಳ ಶ್ವಾಸಕೋಶ ತಿಂದುಹಾಕಿದೆ. ಕೋಳಿ ಬೇಕೋ ಹೆಂಡತಿ ಬೇಕೋ ಅಂತ ಡಾಕ್ಟರು ಭಾವನ ಮುಖಕ್ಕೇ ಹೇಳಿದ್ರು."

"ಮೇಷ್ಟ್ರು ಏನಂದ್ರು?"

"ಇನ್ನೊಂದೇ ಒಂದು ಪೀಳಿಗೆ ನೋಡ್ತೀನಿ ಅಂದ್ರು. ಪ್ರತಿ ಸಲ ಅದನ್ನೇ ಅಂದ್ರು."

ದಫೇದಾರ ಹೊರಗೆ ನೋಡುತ್ತ ಕೆಮ್ಮಿದ. ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ಮರಿ ಒಂದು ಕಾಲನ್ನು ಮಡಚಿಕೊಂಡೇ ಇತ್ತು. ಬೆರಳಿಗೆ ಏನೋ ಸುತ್ತಿಕೊಂಡು ಊದಿತ್ತು. ಉಗುರಿನಿಂದ ಬಿಡಿಸಿದಾಗ ಬಂದದ್ದು ನೀಲಿ ಉಣ್ಣೆಯ ಎಳೆ.

ಪೆಟ್ಟಿಗೆಯೊಳಗೆ ಬರೀ ಮರದ ಹೊಟ್ಟು. ಕೋಣೆಯಲ್ಲಿ ಎಲ್ಲೂ ಉಣ್ಣೆಯ ಬಟ್ಟೆಯಿಲ್ಲ.

ಅವಳು ಎಳೆಯನ್ನು ಅಂಗೈ ಮೇಲಿಟ್ಟು ಜಡ್ಜನ ಮುಂದೆ ಹಿಡಿದಳು. ಅವನು ಅದನ್ನು ನೋಡಿದ, ಆಮೇಲೆ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ದಫೇದಾರ ಇದ್ದ.

"ನಿಮ್ಮ ಭಾವನೂ ನೀವೂ ಮುಖ ಕೊಟ್ಟು ಮಾತಾಡಿ ಎಷ್ಟು ದಿನ ಆಗಿತ್ತು?"

"ಹಿಂದಿನ ಪ್ರದರ್ಶನದಿಂದ ಮಾತಿಲ್ಲ."

"ಯಾಕೆ?"

"ಅವರ ಹುಂಜವನ್ನ ಹೊರಗೆ ಹಾಕಿದೆ. ಅಷ್ಟು ವರ್ಷದಲ್ಲಿ ಈ ಚಿತ್ರಕ್ಕೆ ಅಷ್ಟು ಹತ್ತಿರ ಬಂದ ಹುಂಜ ಇನ್ನೊಂದಿಲ್ಲ. ಎಲ್ಲ ಸರಿಯಿತ್ತು. ಕಾಲು ಎತ್ತಿ ನೋಡಿದ್ರೆ ಬೆರಳ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಗರಿಯ ಮೊಳಕೆ. ನಮ್ಮ ತಳಿಗೆ ಕಾಲಲ್ಲಿ ಗರಿ ಬರಬಾರದು." ಅವನು ಗೋಡೆಯ ಚಿತ್ರದ ಕಡೆ ನೋಡಿದ. "ಅಷ್ಟು ಜನರ ಮಧ್ಯೆ ಭಾವ ನನ್ನನ್ನೇ ನೋಡ್ತಾ ಇದ್ರು. ನೋಡಿಲ್ಲ ಅಂತ ಕಾಲು ಕೆಳಗೆ ಬಿಡಬಹುದಿತ್ತು. ಬಿಡಲಿಲ್ಲ."

"ಅದಾದ ಮೇಲೂ ಭಾನುವಾರ ಬೆಳಿಗ್ಗೆ ಅವರನ್ನ ಮೊದಲು ನೋಡಿದ್ದು ನೀವೇ. ಮಾತಿಲ್ಲದ ಮನೆಗೆ ಬೆಳಿಗ್ಗೆ ಬೆಳಿಗ್ಗೆ ಯಾಕೆ ಬಂದ್ರಿ?"

ಅವನು ಅಂಗಿಯ ಒದ್ದೆ ಕೈ ಮಡಚಿಕೊಂಡ. ಹೇಳಿದಾಗ ನಾಚಿಕೆಯಿಂದ ಹೇಳಿದ ಹಾಗಿತ್ತು.

"ದಿನಾ ಬರ್ತಿದ್ದೆ. ಒಳಗಲ್ಲ, ಹಿಂದಿನ ಬೇಲಿ ಹತ್ತಿರ. ಅವರು ಗೂಡು ತೆಗೆದು ಕೋಳಿ ಬಿಡೋ ಹೊತ್ತಿಗೆ ಸರಿಯಾಗಿ ಬಂದು, ನೋಡಿ ಹೋಗ್ತಿದ್ದೆ. ಅವರಿಗೂ ಗೊತ್ತಿತ್ತು. ಆ ಹುಂಜವನ್ನ ಬೇಲಿ ಪಕ್ಕಕ್ಕೇ ಬಿಡೋರು. ಭಾನುವಾರ ಬಿಸಿಲು ಬಂದ್ರೂ ಗೂಡು ತೆಗೀಲಿಲ್ಲ. ಬೇಲಿ ದಾಟಿ ಬಂದೆ."

"ಬಂದು?"

"ಬಾಗಿಲು ತೆಗೆದೆ. ತಲೆ ಸುತ್ತುವಂಥ ಗಾಳಿ. ಕಿಟಕಿಯ ಗೋಣಿ ಕಿತ್ತು ಹಾಕಿದೆ. ಭಾವನ ಕೈ ಮುಟ್ಟಿದೆ, ತಣ್ಣಗಿತ್ತು."

"ಮರಿಗಳು?"

ಅವನು ಬಗ್ಗಿ ಪೆಟ್ಟಿಗೆಯ ಅಂಚಿನ ಹೊಟ್ಟನ್ನು ಒಳಗೆ ತಳ್ಳಿದ.

"ನೋಡಿ, ನನಗೂ ಸಾಕಾಗಿದೆ," ಎಂದಳು ಇನ್‌ಸ್ಪೆಕ್ಟರ್. ನಿಜವಾಗಿಯೂ ಸಾಕಾದವಳ ದನಿ ಅದು, ಪೊಲೀಸರದಲ್ಲ. "ಈ ನೂಲು ಯಾರ ಶಾಲಿನದು ಅಂತ ಮನೆಯೊಳಗೆ ಹೋಗಿ ನೋಡಿದ್ರೆ ಗೊತ್ತಾಗುತ್ತೆ. ನೀವೇ ಹೇಳಿದ್ರೆ ನನ್ನ ಸೊಂಟ ಉಳಿಯುತ್ತೆ."

ಜಡ್ಜು ಕೂರಲು ಜಾಗ ಹುಡುಕಿದ. ಇದ್ದದ್ದು ಮೇಷ್ಟ್ರ ಬೆತ್ತದ ಕುರ್ಚಿಯೊಂದೇ. ಅದರಲ್ಲಿ ಕೂರದೆ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತ.

"ಪೆಟ್ಟಿಗೆ ಖಾಲಿ ಇತ್ತು. ಅಕ್ಕನಿಗೆ ಹೇಗಪ್ಪಾ ಹೇಳೋದು ಅಂತ ಅವಳ ಕೋಣೆಗೆ ಹೋದೆ. ನಿದ್ದೆ ಹೋಗಿದ್ದಳು. ಮಂಚದ ಪಕ್ಕ ಬುಟ್ಟಿ, ಬುಟ್ಟಿಯಲ್ಲಿ ಅವಳ ನೀಲಿ ಶಾಲು, ಶಾಲಿನೊಳಗೆ ಮರಿಗಳು." ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡ. "ಏನು ಅಂದ್ಕೊಳ್ಳಲಿ ಮೇಡಂ? ಉಸಿರಾಡೋಕಾಗದೆ ಎರಡು ವರ್ಷ ನರಳಿದವಳು. ಬುಟ್ಟಿ ತಂದೆ. ಮರಿಗಳನ್ನ ಒಳಗೆ ಸುರಿದ್ರೆ ಸಾಕಿತ್ತು. ಕೈ ಕೇಳಬೇಕಲ್ಲ. ಕಾಲು ನೋಡ್ಕೊಂಡು ಖಾನೆ ಖಾನೆಗೆ ಹಾಕಿಬಿಟ್ಟಿದೆ. ಖಾಲಿ ಬುಟ್ಟಿ ಮತ್ತೆ ಅಕ್ಕನ ಮಂಚದ ಹತ್ತಿರ ಇಟ್ಟೆ."

"ಅಲ್ಲಿ ಸಿಕ್ಕಿಬಿದ್ರಿ."

"ಹುಂಜಕ್ಕೆ ತೀರ್ಪು ಹೇಳಬಲ್ಲೆ. ಅಕ್ಕನಿಗೆ ಹೇಳೋಕೆ ನಾನು ಯಾರು?"

ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ಮರಿಯನ್ನು ಖಾನೆಗೆ ಬಿಟ್ಟಳು. ಒಂದು ಮುಷ್ಟಿ ನುಚ್ಚು ತೆಗೆದು ಪೆಟ್ಟಿಗೆಗೆ ಉದುರಿಸಿದಳು. ಮರಿಗಳು ಮುಗಿಬಿದ್ದವು.

"ಏಳಿ," ಎಂದಳು. "ಅಕ್ಕನ ಹತ್ತಿರ ಹೋಗೋಣ. ನೀವು ಮಧ್ಯೆ ಬಾಯಿ ಹಾಕಬಾರದು."

ಮುಂದಿನ ಕೋಣೆಯಲ್ಲಿ ಆಕ್ಸಿಜನ್ ಯಂತ್ರ ಗುಂಯ್‌ಗುಡುತ್ತಿತ್ತು. ಮೇಷ್ಟ್ರ ಹೆಂಡತಿ ಮೂರು ದಿಂಬಿಗೆ ಒರಗಿ, ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಕೂತಿದ್ದರು. ಬಂದವರನ್ನು ನೋಡಿ ಸೆರಗು ಸರಿಮಾಡಿಕೊಂಡರು. ತಮ್ಮನ ಮುಖ ನೋಡಿದ್ದೇ, ಏನೋ ಮುಗಿದುಹೋಯಿತು ಎಂಬಂತೆ ಕಣ್ಣು ಮುಚ್ಚಿ ತೆಗೆದರು.

"ಅಮ್ಮಾ, ಮರಿಗಳು ನಿಮ್ಮ ಕೋಣೆಯಲ್ಲಿದ್ದವಂತೆ," ಎಂದಳು ಇನ್‌ಸ್ಪೆಕ್ಟರ್, ಸ್ಟೂಲು ಎಳೆದುಕೊಂಡು.

"ಅವನು ಹೇಳಿದ್ನಾ?" ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಹುಡುಕಬೇಕಿತ್ತು ಅವರಿಗೆ. "ಬೆಳಿಗ್ಗೆ ಎದ್ದಾಗ ಬುಟ್ಟಿ ಖಾಲಿ. ಇವನು ಬಂದು ಹೋಗಿದ್ದಾನೆ ಅಂತ ತಿಳೀತು. ಭಾವನ ಮೇಲಿನ ಸಿಟ್ಟಿಗೆ ಇವನೇ ಏನೋ ಮಾಡಿಕೊಂಡ ಅಂತ... ಬಾಯಿ ಬಿಡಲಿಲ್ಲ."

"ಅಕ್ಕಾ!"

"ಸುಮ್ನಿರೋ. ಕೂಗಿದ್ರೆ ನನ್ನ ತಲೆ ಸಿಡಿಯುತ್ತೆ."

ಅಕ್ಕ ತಮ್ಮನನ್ನು ಕಾಪಾಡಲು, ತಮ್ಮ ಅಕ್ಕನನ್ನು ಕಾಪಾಡಲು ನಾಲ್ಕು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದರು. ನಡುವೆ ತಾನು ಕುರುಡಿಯಂತೆ ಸುತ್ತಿದ್ದೆ ಎಂದು ಇನ್‌ಸ್ಪೆಕ್ಟರ್‌ಗೆ ಅನಿಸಿತು. ಸಿಟ್ಟು ಬರಬೇಕಿತ್ತು. ಅದಕ್ಕೂ ತ್ರಾಣ ಬೇಕು.

"ಮರಿಗಳನ್ನ ನೀವೇ ತಂದ್ರಾ?"

"ನಾನೇ. ಶನಿವಾರ ಸಂಜೆ ಕರೆಂಟ್ ಹೋಯ್ತು, ನನ್ನ ಯಂತ್ರಕ್ಕಾದ್ರೆ ಬ್ಯಾಟರಿ ಇದೆ. ಮರಿಗಳ ಮೇಲಿನ ಬಲ್ಬು ಆರಿರುತ್ತೆ, ಅವರು ಏನಾದ್ರೂ ಮಾಡ್ತಾರೆ ಅಂತ ಕಾದೆ. ಮರಿ ಒಂದೇ ಸಮ ಕೂಗ್ತಾ ಇದ್ವು. ಚಳಿಯಾದ ಮರಿಯ ಕೂಗು ಬೇರೆ ಇರುತ್ತಮ್ಮ. ಮೂಗಿಗೆ ಬಟ್ಟೆ ಕಟ್ಕೊಂಡು ಗೋಡೆ ಹಿಡ್ಕೊಂಡು ಹೋದೆ. ಅವರು ಕುರ್ಚಿಯಲ್ಲಿ ಗೊರಕೆ ಹೊಡೀತಿದ್ರು."

"ಎಬ್ಬಿಸಲಿಲ್ವಾ?"

"ಕರೆದೆ. ಭುಜ ಅಲ್ಲಾಡಿಸಿದೆ. ಏಳಲಿಲ್ಲ. ಅಷ್ಟು ದಣಿದಿದ್ದಾರೆ, ಮಲಗಲಿ ಅಂದ್ಕೊಂಡೆ." ಅವರು ಕಿಟಕಿಯ ಕಡೆ ತಿರುಗಿದರು. ಯಂತ್ರ ಗುಂಯ್‌ಗುಟ್ಟುತ್ತಲೇ ಇತ್ತು. "ಇನ್ನೊಂದು ಸಲ ಅಲ್ಲಾಡಿಸಬೇಕಿತ್ತು."

"ಆಗ ಅಗ್ಗಿಷ್ಟಿಕೆ ಉರೀತಿತ್ತಾ?"

"ಇಲ್ಲ. ಹೊರಗೆ ಜಗಲಿ ಮೇಲೆ ಬೋರಲಾಗಿ ಬಿದ್ದಿತ್ತು. ಎಡವಿದ್ದೆ, ಅದಕ್ಕೇ ನೆನಪಿದೆ. ಬಾಗಿಲೂ ಹಾಕಿರಲಿಲ್ಲ."

ಇನ್‌ಸ್ಪೆಕ್ಟರ್ ಎದ್ದು ನಿಂತಳು. ಬೆಳಿಗ್ಗೆಯಿಂದ ಕಟ್ಟಿಕೊಂಡು ಬಂದ ಲೆಕ್ಕವೆಲ್ಲ ತಲೆಕೆಳಗಾಗಿತ್ತು. ಮರಿ ಉಳಿಸಿದವರು ಬೇರೆ, ಕೆಂಡ ಇಟ್ಟವರು ಬೇರೆ. ಯಾರೋ ಆಮೇಲೆ ಬಂದಿದ್ದಾರೆ. ಇದ್ದಿಲು ಹಚ್ಚಿ ಒಳಗಿಟ್ಟು ಬಾಗಿಲು ಮುಚ್ಚಿಕೊಂಡು ಹೋಗಿದ್ದಾರೆ. ಮರಿಗಳೂ ಜೊತೆಗೆ ಸತ್ತಿರುತ್ತವೆ, ಹೊಗೆಗೆ ಎಲ್ಲರೂ ಹೋದರು ಎಂದು ಜನ ನಂಬುತ್ತಾರೆ ಎಂದುಕೊಂಡಿದ್ದಾರೆ.

ಪೆಟ್ಟಿಗೆಯೊಳಗೆ ಒಮ್ಮೆ ಇಣುಕಿದ್ದರೆ ಅದು ಖಾಲಿ ಎಂದು ತಿಳಿಯುತ್ತಿತ್ತು. ಇಣುಕಿಲ್ಲ. ತಾನು ಹುಡುಕಬೇಕಾಗಿದ್ದು ಕೋಳಿಯನ್ನು ಪ್ರೀತಿಸುವವರನ್ನಲ್ಲ. ಅವುಗಳ ಕಡೆ ತಿರುಗಿಯೂ ನೋಡದವರನ್ನು.

"ಅಷ್ಟು ಗಾಢ ನಿದ್ದೆ ಅವರಿಗೆ ಯಾವಾಗಲೂ ಬರ್ತಿತ್ತಾ?"

"ಎಲ್ಲಿ ಬಂತು. ಹೇಂಟೆ ಕೊಕ್ ಅಂದ್ರೆ ಎದ್ದು ಕೂರೋರು."

"ಆವತ್ತು ಸಂಜೆ ಏನು ತಿಂದಿದ್ರು?"

"ಊಟಾನೇ ಮಾಡಿರಲಿಲ್ಲ. ಸೂಪು ಕುಡಿದ್ರು ಅಷ್ಟೇ. ಅದೂ ನನಗೆ ಅಂತ ಬಂದಿದ್ದು. ಒಂದು ಗುಟುಕು ಕುಡಿದೆ, ಏನೋ ಕಹಿ. ಆಗಲ್ಲ ಅಂದೆ. ದಂಡ ಆಗುತ್ತೆ ಅಂತ ಪೂರ್ತಿ ಅವರೇ ಕುಡಿದ್ರು. ಆ ಒಂದು ಗುಟುಕಿಗೇನೋ, ಮರಿ ತಂದಿಟ್ಟ ಮೇಲೆ ನನಗೂ ಬೆಳಗಿನವರೆಗೆ ಎಚ್ಚರ ಇಲ್ಲ."

ಸೂಪಿಗೆ ಯಾರೋ ನಿದ್ದೆಯ ಮದ್ದು ಬೆರೆಸಿದ್ದಾರೆ. ಮಲಗಬೇಕಾಗಿದ್ದವರು ಇವರು. ಮಲಗಿದ್ದು ಮೇಷ್ಟ್ರು.

"ಸೂಪು ಎಲ್ಲಿಂದ ಬಂತು?" ಎಂದು ಇನ್‌ಸ್ಪೆಕ್ಟರ್ ತಗ್ಗಿದ ದನಿಯಲ್ಲಿ ಕೇಳಿದಳು.

ಮೇಷ್ಟ್ರ ಹೆಂಡತಿ ತಮ್ಮನ ಕಡೆ ನೋಡಿದರು. "ಇವನ ಮನೆಯಿಂದ. ಭಾವನ ಜೊತೆ ಮಾತಿಲ್ಲದಿದ್ರೂ ಶನಿವಾರ ಶನಿವಾರ ನನಗೆ ಅಂತ ಮಾಡಿಸಿ ಕಳಿಸ್ತಾನೆ. ಮಗಳು ಅಂಗಡಿಯಿಂದ ಬರುವಾಗ ಇಸ್ಕೊಂಡು ಬರ್ತಾಳೆ."

"ಆವತ್ತು ಮಗಳು ತಡವಾಗಿ ಬಂದಳು ಅಂತ ಹೇಳಿಕೆ ಇದೆಯಲ್ಲ."

"ತಡ ಏನಿಲ್ಲ. ಕರೆಂಟ್ ಹೋಗೋ ಮೊದಲೇ ಬಂದು ಫ್ಲಾಸ್ಕು ಕೊಟ್ಟಳು. ಆಮೇಲೆ ಮತ್ತೆ ಹೊರಗೆ ಹೋದಳೋ ಏನೋ, ನನಗೆ ತಿಳೀಲಿಲ್ಲ."

ಜಡ್ಜು ಕಲ್ಲಾಗಿ ನಿಂತಿದ್ದ. ಅವನ ಮುಖದಲ್ಲಿ ಇನ್‌ಸ್ಪೆಕ್ಟರ್‌ಗೆ ಭಯ ಕಂಡಿತು. ಸಿಕ್ಕಿಬಿದ್ದವನ ಭಯವೋ, ಈಗಷ್ಟೇ ಅರ್ಥವಾದವನ ಭಯವೋ ಹೇಳುವುದು ಕಷ್ಟವಿತ್ತು.

"ಆ ಫ್ಲಾಸ್ಕು ಎಲ್ಲಿದೆ ಅಮ್ಮಾ?"

"ಮಂಚದ ಕೆಳಗೇ ಉರುಳಿಕೊಂಡಿದೆ ನೋಡಿ. ಇಷ್ಟೆಲ್ಲ ಆದ ಮೇಲೆ ಯಾರು ತೊಳೀತಾರೆ. ಬೆಳಿಗ್ಗೆ ಚಪ್ಪಲಿಗೆ ತಡಕಾಡುವಾಗ ಕಾಲಿಗೆ ತಾಗಿತ್ತು."

ಇನ್‌ಸ್ಪೆಕ್ಟರ್ ಸೊಂಟ ಹಿಡಿದುಕೊಂಡು ಬಗ್ಗಿದಳು. ಮಂಚದ ಕೆಳಗೆ ಖಾಲಿ ಬುಟ್ಟಿ, ಒಂದು ಜೊತೆ ಚಪ್ಪಲಿ. ಗೋಡೆಯ ಬದಿಯ ಧೂಳಿನಲ್ಲಿ ಏನನ್ನೋ ಈಗಷ್ಟೇ ಎಳೆದುಕೊಂಡ ಗುರುತು.

"ನೀವು ಮಧ್ಯೆ ಕಣ್ಣು ಮುಚ್ಚಿದ್ರಾ?"

"ಸ್ವಲ್ಪ ಜೊಂಪು ಬಂದಿತ್ತು. ಯಾಕೆ?"

ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿತು.

ಅವಳು ನಡುಮನೆ ದಾಟಿ ಹೋದಳು. ಹಿಂದೆಯೇ ಜಡ್ಜು ಬಂದ. ಸಿಂಕಿನ ಮುಂದೆ ಮಗಳು ನಿಂತಿದ್ದಳು. ತೋಳಿನ ಚೀಲ ಇನ್ನೂ ಭುಜದ ಮೇಲೇ ಇತ್ತು. ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಸ್ಟೀಲಿನ ಫ್ಲಾಸ್ಕು. ಬ್ಲೀಚಿಂಗ್ ಪುಡಿಯ ಘಾಟು ಕಣ್ಣಿಗೆ ಹೊಡೆಯುವಂತಿತ್ತು.

"ಅದನ್ನ ಕೆಳಗಿಡಿ," ಎಂದಳು ಇನ್‌ಸ್ಪೆಕ್ಟರ್.

ಮಗಳು ನಲ್ಲಿ ನಿಲ್ಲಿಸಿದಳು. ಗಾಬರಿಯಾದಂತೆ ಕಾಣಲಿಲ್ಲ. ಫ್ಲಾಸ್ಕನ್ನು ಬೋರಲು ಮಾಡಿ ಕೊನೆಯ ಹನಿಯವರೆಗೆ ಬಸಿದು ಕಟ್ಟೆಯ ಮೇಲಿಟ್ಟಳು.

"ಅಂಗಡಿಗೆ ಹೋಗಿದ್ರಲ್ಲ. ಯಾಕೆ ವಾಪಸ್ ಬಂದ್ರಿ?"

"ಅಂಗಡಿ ಫೋನಿಗೆ ಕರೆ ಬಂತು, ಸ್ವಲ್ಪ ಹೊತ್ತಿಗೆ ಮುಂಚೆ." ಅವಳು ಇನ್‌ಸ್ಪೆಕ್ಟರ್‌ನ ಭುಜದಾಚೆ ನೋಡಿದಳು. "ಪೊಲೀಸರು ಮನೆಯೊಳಗೆ ಬರೋ ಮೊದಲು ಫ್ಲಾಸ್ಕು ತೊಳೆದಿಡು ಅಂತ ಮಾವನೇ ಹೇಳಿದ್ರು."

ತಾನು ಪಶುವೈದ್ಯರ ಜೊತೆ ಫೋನಿನಲ್ಲಿದ್ದಾಗ ಜಡ್ಜು ಹೊರಗೆ ಹೋಗಿದ್ದು ಇನ್‌ಸ್ಪೆಕ್ಟರ್‌ಗೆ ನೆನಪಾಯಿತು. ಹಿಂದಿನಿಂದ ಅವನ ದನಿ ಕೇಳಿತು. ಕೋಳಿಯ ಕಾಲು ಎತ್ತಿ ದೋಷ ಹೇಳುವಾಗಿನಷ್ಟೇ ಸಪಾಟಾದ ದನಿ.

"ನಾನು ಯಾರಿಗೂ ಫೋನ್ ಮಾಡಿಲ್ಲ."